ಕೈ ಕೈ ದಾಟಿದ ಕೋಟು

ಬಳಸದ ವಸ್ತು ಸತ್ತ ಬಂಡವಾಳ ಎಂದು ತರಗತಿಯಲ್ಲಿ ಬೋಧಿಸುವುದು ಬೇರೆ, ಅದನ್ನು ಮನೆಯ ಬೀರುವಿನ ಮೇಲೆ ಪ್ರಯೋಗಿಸುವುದು ಬೇರೆ. ಅರ್ಥಶಾಸ್ತ್ರದ ಮೇಷ್ಟ್ರಿಗೆ ಈ ವ್ಯತ್ಯಾಸ ತಿಳಿಯದೆ ಹೋಯಿತು. ರಜೆಯ ದಿನ ಬೆಳಿಗ್ಗೆ, ಹೆಂಡತಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಳೆ ಬಟ್ಟೆಯವನನ್ನು ಕೂಗಿ ಕರೆದು, ಒಮ್ಮೆಯೂ ತೊಡದ ಕಂದು ಉಣ್ಣೆ ಕೋಟನ್ನು ಅವನ ಗಂಟಿಗೆ ಹಾಕಿ, ನಾಲ್ಕು ಕಾಸು ಜೇಬಿಗಿಳಿಸಿ ಬೀಗಿದರು.

"ಅಯ್ಯೋ, ಅದು ಅಪ್ಪ ಕೊಟ್ಟ ಕೋಟು ಕಣ್ರೀ!" ಹೆಂಡತಿ ಒದ್ದೆ ತಲೆಯಲ್ಲೇ ಕುಸಿದು ಕೂತಳು. "ಸಂಜೆ ಅಪ್ಪ ಬರ್ತಿದ್ದಾರೆ. ಬಂದವರೇ ಕೋಟೆಲ್ಲಿ ಅಂತಾರೆ."

ಮಾವ ಬಟ್ಟೆ ಗಿರಣಿಯಲ್ಲಿ ಜೀವ ಸವೆಸಿ ನಿವೃತ್ತರಾದವರು. ಕೋಟಿನ ಬಟ್ಟೆ ಅವರ ಕಣ್ಣೆದುರೇ ನೇಯ್ದದ್ದು. ಹಿಂದೊಮ್ಮೆ ತಾವು ಕೊಟ್ಟ ಗಡಿಯಾರ ಗೋಡೆಯ ಮೇಲೆ ಕಾಣಲಿಲ್ಲವೆಂದು ಮುನಿದು, ವರ್ಷವಿಡೀ ಈ ಹೊಸ್ತಿಲು ತುಳಿದಿರಲಿಲ್ಲ. ಆ ವರ್ಷ ಹೆಂಡತಿ ಅತ್ತದ್ದನ್ನು ನೆನೆದರೆ ಮೇಷ್ಟ್ರಿಗೆ ಈಗಲೂ ಸಂಕಟವಾಗುತ್ತಿತ್ತು.

ಓಡಿದರು. ಎದುರುಮನೆಯ ಕಾಂಪೌಂಡರ್ ಕೂಡ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟರು. ಊರ ಉಸಾಬರಿ ಇಲ್ಲದೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ಹಳೆ ಬಟ್ಟೆಯವನು ಸಿಕ್ಕಿದ, ಕೋಟು ಸಿಗಲಿಲ್ಲ. ಅದನ್ನು ಆಗಲೇ ಎರಡರಷ್ಟು ಬೆಲೆಗೆ ಇಸ್ತ್ರಿಯವನಿಗೆ ಮಾರಿದ್ದನಂತೆ. ಇಸ್ತ್ರಿಯವನು ಧೂಳು ಕೊಡವಿ, ಗೆರೆ ಮೂಡಿಸಿ ತೂಗುಹಾಕಿದ್ದ.

"ಏನಪ್ಪಾ, ಆ ಹಳೇ ಕೋಟು ಎಷ್ಟಕ್ಕೆ ಕೊಡ್ತೀಯಾ?" ಮೇಷ್ಟ್ರು ಬೇಕಾದರೂ ಬೇಡದವರಂತೆ ಆಕಳಿಸಿದರು. ಕೊಳ್ಳುವವನ ಆತುರ ಮಾರುವವನಿಗೆ ಕಾಣಬಾರದು ಎಂಬುದು ಅವರದೇ ಪಾಠ.

ಕಾಂಪೌಂಡರಿಗೆ ಆ ಪಾಠ ಆಗಿರಲಿಲ್ಲ. "ಕೊಟ್ಬಿಡೋ ಪುಣ್ಯಾತ್ಮ! ಅದಿಲ್ದಿದ್ರೆ ಇವ್ರ ಸಂಸಾರಾನೇ ನಿಲ್ಲಲ್ಲ!"

ಬೆಲೆ ಕಪ್ಪೆಯಂತೆ ಛಂಗನೆ ನೆಗೆಯಿತು. ಮೇಷ್ಟ್ರ ಜೇಬಿನಲ್ಲಿ ಅಷ್ಟಿರಲಿಲ್ಲ. ಅವರು ಅಲ್ಲಿ ಇಲ್ಲಿ ಹೊಂದಿಸಿಕೊಂಡು ಬರುವ ಹೊತ್ತಿಗೆ ಮಧ್ಯಾಹ್ನ ಕಳೆದು, ಕೋಟು ದರ್ಜಿಯ ಕೈಗೆ ಹೋಗಿ, ಅಲ್ಲಿಂದಲೂ ಜಾರಿತ್ತು. ದರ್ಜಿ ಹಳೆ ಗುಂಡಿ ಕಿತ್ತು ಹಿತ್ತಾಳೆ ಗುಂಡಿ ಕೂರಿಸಿ, ಕಾಲರ್ ಬದಲಿಸಿ, ಒಳಗೆ ಯಾವುದೋ ಫಾರಿನ್ ಹೆಸರಿನ ಲೇಬಲ್ ಹೊಲಿದು ದೊಡ್ಡ ಅಂಗಡಿಗೆ ಸಾಗಿಸಿದ್ದ.

ಅಲ್ಲಿ ಗಾಜಿನ ಹಿಂದೆ ಗೊಂಬೆಯೊಂದು ಅದನ್ನು ತೊಟ್ಟು, ಮೇಷ್ಟ್ರ ಗುರುತೇ ಇಲ್ಲವೆಂಬಂತೆ ನಿಂತಿತ್ತು. ಅಂಗಡಿಯವನು ಮೇಷ್ಟ್ರ ಹಳೆಯ ಶಿಷ್ಯ.

"ಬನ್ನಿ ಸಾರ್! ಇದು ಸಮುದ್ರ ದಾಟಿ ಬಂದ ಮಾಲು."

"ಯಾವ ಸಮುದ್ರವೋ? ನಮ್ಮನೆ ಬೀರುವಿಂದ ಬಂದದ್ದು ಕಣೋ!"

"ಇರ್ಬಹುದು ಸಾರ್. ಆದ್ರೆ ಬೀರುವಿಂದ ಇಲ್ಲಿಗೆ ಬರೋದ್ರೊಳಗೆ ಎಷ್ಟು ಕೈ ದಾಟಿದೆ ನೋಡಿ. ಒಂದೊಂದು ಕೈಗೂ ಅದರದರ ಲಾಭ. ನೀವೇ ಅಲ್ವಾ ಕಲಿಸಿದ್ದು?"

"ಬೇಗ ಕಟ್ಟಪ್ಪಾ, ಇವ್ರ ಮಾವ ಇನ್ನೇನು ಬಂದ್ಬಿಡ್ತಾರೆ!" ಎಂದರು ಕಾಂಪೌಂಡರ್.

"ಹಾಗಾದ್ರೆ ರಿಯಾಯ್ತಿ ಕಷ್ಟ ಸಾರ್," ಎಂದ ಶಿಷ್ಯ, ಬಲು ವಿನಯದಿಂದ.

ಅರ್ಧ ತಿಂಗಳ ಸಂಬಳ ಕರಗಿತು. ಆದರೂ ಕೋಟು ತೊಟ್ಟು ಮನೆಗೆ ಬಂದಾಗ ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳಲ್ಲ, ಮೇಷ್ಟ್ರಿಗೆ ಅಷ್ಟೇ ಸಾಕಾಯಿತು.

ಮಾವ ಬಂದರು. ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ತೋಳಿನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿದರು. ಒಳಗಿನ ಲೇಬಲ್ ಎಳೆದು ಓದಿದರು.

"ಫಾರಿನ್ನಾ?"

"ಇಲ್ಲ ಮಾವ, ಇದು ನೀವೇ ಕೊಟ್ಟ..."

"ಸುಮ್ನಿರಿ ಅಳಿಯಂದ್ರೇ, ನನ್ನ ಮನಸ್ಸು ನೋಯ್ಬಾರ್ದು ಅಂತ ಸುಳ್ಳು ಹೇಳ್ಬೇಡಿ. ಜೀವಮಾನವೆಲ್ಲ ಬಟ್ಟೆ ಮುಟ್ಟಿದ ಕೈ ಇದು. ನಮ್ಮ ಗಿರಣಿಯವರು ಏಳು ಜನ್ಮ ಎತ್ತಿ ಬಂದ್ರೂ ಇಂಥ ನೇಯ್ಗೆ ಬರೋಲ್ಲ. ಬಿಚ್ಚಿ, ನೋಡೋಣ."

ಮಾವ ಕೋಟು ತೊಟ್ಟು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದರು. ಮುಖ ಅರಳಿತು. "ನನಗೇ ಹೊಲಿದ ಹಾಗಿದೆ! ಇದು ನನಗಿರ್ಲಿ, ಏನಂತೀರಿ?"

ಮೇಷ್ಟ್ರು ತಲೆಯಾಡಿಸಿದರು. ಹೋದರೆ ಹೋಯಿತು, ಮುನಿಸಂತೂ ತಪ್ಪಿತು ಎಂದು ಗಂಡಹೆಂಡತಿ ಇಬ್ಬರೂ ನಿಟ್ಟುಸಿರಿಟ್ಟರು.

ಹೊರಡುವಾಗ ಮಾವ ಬಾಗಿಲಲ್ಲಿ ನಿಂತು ತಿರುಗಿದರು.

"ನಾಳೆ ನಮ್ಮ ಗಿರಣಿಯ ಹಳಬರೆಲ್ಲ ಊಟಕ್ಕೆ ಸೇರ್ತಿದ್ದೀವಿ, ನೀವೂ ಬರ್ಬೇಕು. ನಾನು ಕೊಟ್ಟ ಕೋಟು ಹಾಕ್ಕೊಂಡೇ ಬನ್ನಿ ಮತ್ತೆ. ಅದನ್ನ ನೇಯ್ದವರೆಲ್ಲ ಅಲ್ಲೇ ಇರ್ತಾರೆ, ನೋಡಿ ಖುಷಿಪಡ್ಲಿ!"