ಹಿಮವಿಲ್ಲದ ಊರಿನಲ್ಲಿ ಸ್ನೋಶೂ

ನಾನು ಮಾತು ಕಡಿಮೆಯ ಮನುಷ್ಯ. ನನ್ನ ಪಾಡಿಗೆ ನಾನಿದ್ದರೆ ಏನೂ ಆಗುವುದಿಲ್ಲ ಎಂದುಕೊಂಡೇ ಐವತ್ತು ದಾಟಿದೆ. ಆದರೂ ಏನಾದರೊಂದು ಆಗುತ್ತಲೇ ಇರುತ್ತದೆ. ಕಳೆದ ಚಳಿಗಾಲದಲ್ಲಿ ಸ್ವಲ್ಪ ಹೆಚ್ಚೇ ಆಯಿತು.

ಓಡುವುದು ನನ್ನ ಒಂದೇ ಚಟ. ಅಕ್ಟೋಬರಿನಲ್ಲಿ ಮಗಳು, "ಅಪ್ಪ, ಏಪ್ರಿಲ್‌ನಲ್ಲಿ ಹಾಫ್ ಮ್ಯಾರಥಾನ್ ಇದೆ. ನನ್ನ ಜೊತೆ ಓಡ್ತೀಯಾ?" ಎಂದು ಎಂದಿನಂತೆ ಇಂಗ್ಲಿಷಿನಲ್ಲಿ ಕೇಳಿದಳು. ಹದಿನೇಳರ ಹುಡುಗಿ ಅಪ್ಪನ ಜೊತೆ ಬೀದಿಯಲ್ಲಿ ಕಾಣಿಸಿಕೊಳ್ಳಲು ತಾನಾಗಿ ಒಪ್ಪುವುದು ಸಣ್ಣ ವಿಷಯವಲ್ಲ. ಮುಂದಿನ ವರ್ಷ ಅವಳು ಓದಲು ಬೇರೆ ಊರಿಗೆ ಹೋಗುತ್ತಾಳೆ. ಆಗಲಿ ಎಂದೆ. ಮರುವಾರವೇ ಮೊಣಕಾಲು ಊದಿಕೊಂಡಿತು.

ಫಿಸಿಯೋ ಒತ್ತಿ ನೋಡಿ, "ಚಳಿಗಾಲ ಮುಗಿಯುವವರೆಗೆ ಟಾರು ರಸ್ತೆ ಬೇಡ. ಮೆತ್ತಗಿನ ನೆಲದ ಮೇಲೆ ಏನಾದರೂ ಮಾಡಿ. ಇಲ್ಲದಿದ್ದರೆ ಏಪ್ರಿಲ್ ಮರೆತುಬಿಡಿ" ಎಂದಳು.

ಕಷ್ಟ ಬಂದಾಗ ನಾನು ಓದುತ್ತೇನೆ. ಹಿಮದ ದೇಶಗಳ ಓಟಗಾರರು ಚಳಿಗಾಲದಲ್ಲಿ ಕಾಲಿಗೆ ಸ್ನೋಶೂ ಕಟ್ಟಿಕೊಂಡು ನಡೆಯುತ್ತಾರಂತೆ. ಮೊಣಕಾಲಿಗೆ ಪೆಟ್ಟಿಲ್ಲ, ದಮ್ಮೂ ಉಳಿಯುತ್ತದೆ ಎಂದು ಒಂದು ಪುಸ್ತಕದಲ್ಲಿತ್ತು. ಬರೆದವನು ಹಿಮವೇ ಅಪರೂಪವಾದ ನಮ್ಮ ಲಂಡನ್ನಿನವನಲ್ಲ ಎಂಬುದನ್ನು ನಾನು ಗಮನಿಸಲಿಲ್ಲ.

ಅಂಗಡಿಯವನ ಪ್ರಶ್ನೆ

ಬೆಟ್ಟ ಹತ್ತುವವರ ಸಾಮಾನು ಮಾರುವ ಅಂಗಡಿಗೆ ಹೋದೆ. ಸ್ನೋಶೂ ಎಂದರೆ ಮೊಳದುದ್ದದ ಅಲ್ಯುಮಿನಿಯಂ ಚೌಕಟ್ಟು, ಅದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ದಪ್ಪ ಪ್ಲಾಸ್ಟಿಕ್ ಹಾಳೆ, ಕೆಳಗೆ ಜಾರದಿರಲಿ ಎಂದು ಉಕ್ಕಿನ ಹಲ್ಲು. ನಮ್ಮ ಬೂಟಿನ ಕೆಳಗೆ ಇದನ್ನು ಪಟ್ಟಿಯಿಂದ ಬಿಗಿದುಕೊಳ್ಳಬೇಕು.

"ಎಲ್ಲಿಗೆ ಹೊರಟಿದ್ದೀರಿ? ನಾರ್ವೆಗೋ, ಆಲ್ಪ್ಸ್‌ಗೋ?" ಎಂದ ಅಂಗಡಿಯ ಹುಡುಗ.

"ಕ್ವೀನ್ಸ್‌ಬರಿಗೆ."

ಲಂಡನ್ನಿನ ಅಂಚಿನಲ್ಲಿರುವ ನಮ್ಮ ಬಡಾವಣೆಯ ಹೆಸರು ಅವನು ಕೇಳಿರಲಿಲ್ಲ. "ಅಲ್ಲಿ ಎತ್ತರ ಹೇಗೆ?" ಎಂದು ಗಂಭೀರವಾಗಿ ಕೇಳಿದ.

ನಾನೂ ಯೋಚಿಸಿದೆ. "ಟ್ಯೂಬ್ ರೈಲು ಸ್ಟೇಷನ್ನಿನ ಮೆಟ್ಟಿಲು ಬಿಟ್ಟರೆ ಸಮತಟ್ಟು" ಎಂದೆ.

ಸಂಕಲ್ಪ

ಡಿಸೆಂಬರ್ ಪೂರ್ತಿ ಮಳೆ. ಆಗ ನನ್ನ ಅತ್ತೆ ಧಾರವಾಡದಿಂದ ಆರು ತಿಂಗಳಿಗೆಂದು ಬಂದಿದ್ದರು. ಒಂದು ಭಾನುವಾರ ಅವರನ್ನು ಈಸ್ಟ್ ಹ್ಯಾಮ್ ಕಡೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋದೆವು. ಅರ್ಚಕರು ಹಿಂದೆ ಬೆಂಗಳೂರಿನಲ್ಲಿದ್ದವರು, ಕನ್ನಡ ಬರುತ್ತದೆ. ಹೆಸರು, ನಕ್ಷತ್ರ ಕೇಳಿ, "ಸಂಕಲ್ಪ ಏನು ಅಂತ ಮಾಡ್ಲಿ?" ಎಂದರು.

ದೇವರ ಮುಂದೆ ಸುಳ್ಳು ಹೇಳುವುದು ಹೇಗೆ? "ಹಿಮ ಬೀಳಲಿ ಅಂತ" ಎಂದೆ, ಮೆಲ್ಲಗೆ.

ಅವರು ಕೈಯಲ್ಲಿದ್ದ ಹೂವನ್ನು ಹಾಗೇ ಹಿಡಿದು ನಿಂತರು. ನನ್ನ ಮುಂದೆ ಹಣೆಯ ಕುಂಕುಮ ಸರಿಪಡಿಸಿಕೊಳ್ಳುತ್ತ ಹೊರಡುತ್ತಿದ್ದ ಕುಟುಂಬವನ್ನು ತೋರಿಸಿ ಹೇಳಿದರು:

"ಅವರು ನಾಳೆ ಇಂಡಿಯಾಕ್ಕೆ ಹೊರಟಿದ್ದಾರೆ. ಫ್ಲೈಟಿಗೆ ಏನೂ ತೊಂದರೆ ಆಗದೆ ಇರ್ಲಿ ಅಂತ ಈಗಷ್ಟೇ ಮಾಡಿಸಿದ್ರು. ನಿಮ್ಮದು ಬುಧವಾರದಿಂದ ಅಂತ ಹೇಳ್ಕೊಳ್ಳಲಾ?"

ಕೌನ್ಸಿಲ್ ಕಡೆಯವನು

ಬುಧವಾರವೂ ಬೀಳಲಿಲ್ಲ. ಸುಮ್ಮನೆ ಕುಳಿತರೆ ಏಪ್ರಿಲ್ ಕೈತಪ್ಪುತ್ತದೆ. ಒಂದು ಬೆಳಿಗ್ಗೆ ಮನೆ ಎದುರಿನ ಪಾರ್ಕಿಗೆ ಹೋಗಿ ಒದ್ದೆ ಹುಲ್ಲಿನ ಮೇಲೆಯೇ ಸ್ನೋಶೂ ಕಟ್ಟಿಕೊಂಡೆ. ಹೆಜ್ಜೆ ಹೆಜ್ಜೆಗೂ ಉಕ್ಕಿನ ಹಲ್ಲು ಕೆಸರಿನಲ್ಲಿ ಇಳಿದು ಪಚಕ್ಕನೆ ಮೇಲೇಳುತ್ತಿತ್ತು. ತೊಡೆ ನಡುಗುವಷ್ಟು ಶ್ರಮ, ಆದರೆ ಮೊಣಕಾಲು ಸುಮ್ಮನಿತ್ತು. ಪುಸ್ತಕ ಸುಳ್ಳು ಹೇಳಿರಲಿಲ್ಲ.

ನಾಯಿ ಹಿಡಿದುಕೊಂಡು ಬಂದ ಒಬ್ಬ ಇಂಗ್ಲಿಷ್ ಮುದುಕರು ಬಹಳ ಹೊತ್ತು ನೋಡಿದರು. ನಾನು ತೂತು ಮಾಡಿದ ಹುಲ್ಲನ್ನು ಕೋಲಿನಿಂದ ಕೆದಕಿದರು.

"ಕೊನೆಗೂ ಕೌನ್ಸಿಲ್‌ನವರು ಯಾರನ್ನಾದರೂ ಕಳಿಸಿದರಲ್ಲ. ಹುಲ್ಲಿಗೆ ತೂತು ಹೊಡೆದು ನೆಲಕ್ಕೆ ಗಾಳಿ ಆಡಿಸದೆ ಎಷ್ಟು ವರ್ಷವಾಯಿತು. ಗೋಲ್‌ಪೋಸ್ಟ್ ಹತ್ತಿರ ನೀರು ನಿಲ್ಲುತ್ತದೆ, ಅಲ್ಲೂ ಸ್ವಲ್ಪ ಮಾಡಿ."

ನಾನು ನಗರಸಭೆಯ ಆಳಲ್ಲ ಎನ್ನಬೇಕಾದರೆ ಮೊಣಕಾಲಿನಿಂದ ಶುರುಮಾಡಿ ಎಲ್ಲ ವಿವರಿಸಬೇಕು. ಅದಕ್ಕಿಂತ ನಡೆಯುವುದೇ ಸುಲಭ. ಗೋಲ್‌ಪೋಸ್ಟಿನ ಸುತ್ತ ಮಾಡಿ ಬಂದೆ. ಮುಂದಿನ ವಾರ ಅವರು ಇನ್ನಿಬ್ಬರನ್ನು ಕರೆತಂದು, ಉಯ್ಯಾಲೆಯ ಕಡೆಯೂ ಬಾಕಿಯಿದೆ ಎಂದು ತೋರಿಸಿದರು. ಫೆಬ್ರವರಿ ಹೊತ್ತಿಗೆ ಪಾರ್ಕೂ ನನ್ನ ಮೊಣಕಾಲೂ ಎರಡೂ ಸುಧಾರಿಸಿದ್ದವು.

ಹಿಮ ಬಿದ್ದ ದಿನ

ಒಂದು ಶನಿವಾರ ಎದ್ದು ನೋಡಿದರೆ ಬೀದಿಯೆಲ್ಲ ಬೆಳ್ಳಗೆ. ಮಗಳು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ಬೇಗ, ಅಪ್ಪ, ಮಧ್ಯಾಹ್ನಕ್ಕೆ ಕರಗುತ್ತೆ."

ಸ್ನೋಶೂ ತರಲು ಸಣ್ಣ ಕೋಣೆಗೆ ಓಡಿದೆ. ಎರಡೂ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಅಂಗಾತ ಮಲಗಿದ್ದವು. ಅವುಗಳ ಮೇಲೆ ಸಾಲುಸಾಲಾಗಿ ಅಕ್ಕಿ ಸಂಡಿಗೆ.

"ಅಳಿಯಾರ, ಮುಟ್ಟಬ್ಯಾಡ್ರಿ. ಇನ್ನೂ ಹಸಿ ಅದಾವ" ಎಂದರು ಅತ್ತೆ ಹಿಂದಿನಿಂದ.

"ಅತ್ತೆ, ಅದು ಏನಂದ್ರೆ..."

"ಕಾಲಿಗೆ ಹಾಕ್ಕೊಳ್ಳೋದು ಅಂತೀರೇನು? ಗೊತ್ತೈತಿ. ನೀವು ಪಾರ್ಕಿನ್ಯಾಗ ಕುಣಿಯೂದು ದಿನಾ ಕಿಟಕಿಯಿಂದ ನೋಡ್ತೀನಲ್ಲ. ಬಿಸಿನೀರಾಗ ತಿಕ್ಕಿ ತೊಳದು, ಮ್ಯಾಲೆ ಸ್ವಚ್ಛ ಅರಿವಿ ಹಾಸೇನಿ. ಬಿಸಲಿಲ್ಲದ ಊರಾಗ ಮತ್ತೇನ್ ಮಾಡ್ಲಿ?"

"ಯಾವ ಬಟ್ಟೆ, ಅಜ್ಜಿ?" ಎಂದಳು ಮಗಳು.

"ಕಪಾಟಿನ್ಯಾಗ ಎರಡು ಹೊಸಾವು ಇದ್ವಲ್ಲ. ತೆಳ್ಳಗ, ಸಣ್ಣ ಸಣ್ಣ ತೂತು. ಸಂಡಿಗಿಗೆ ಅಂತನ ಮಾಡಿದಂಗ ಅದಾವ."

ಅವು ಓಟದ ದಿನಕ್ಕೆಂದು ಮಗಳು ತನ್ನ ಕೈಖರ್ಚಿನಲ್ಲಿ ತಂದಿಟ್ಟಿದ್ದ ಜೋಡಿ ಅಂಗಿಗಳು. ಸಂಡಿಗೆ ಒಣಗಲು ಮಧ್ಯಾಹ್ನವಾಯಿತು. ಹಿಮ ಕರಗಲೂ ಅಷ್ಟೇ ಹೊತ್ತು ಹಿಡಿಯಿತು.

ಅಂಗಿಗಳನ್ನು ಮಷೀನಿಗೆ ಹಾಕಿ ಒಗೆದೆವು. ನೋಡಲು ಹೊಸದರಂತೆಯೇ ಇದ್ದವು. ಆದರೆ ಅತ್ತೆ ಸಂಡಿಗೆ ಹಿಟ್ಟಿಗೆ ರುಬ್ಬಿ ಹಾಕುವ ಹಸಿಮೆಣಸಿನಕಾಯಿ ವಾಷಿಂಗ್ ಮಷೀನಿಗೆ ಹೆದರುವಂಥದ್ದಲ್ಲ. ಏಪ್ರಿಲ್‌ನಲ್ಲಿ ಓಟ ಶುರುವಾಗಿ ಮೈ ಬೆವರಿತು, ನೂಲಿನಲ್ಲಿ ಅಡಗಿದ್ದ ಖಾರ ಎಚ್ಚರವಾಯಿತು.

"ಅಪ್ಪಾ, ಬೆನ್ನೆಲ್ಲಾ ಉರೀತಾ ಇದೆ. ನಿಂಗೂ ಹಂಗೇ ಆಗ್ತಿದೆಯಾ?" ಎಂದಳು ಮಗಳು. ಅಷ್ಟುದ್ದದ ಕನ್ನಡ ಅವಳ ಬಾಯಿಂದ ಕೇಳಿ ವರ್ಷವಾಗಿತ್ತು.

"ಹೂಂ."

"ನಿಲ್ಲೋಣ್ವಾ?"

"ನಿಂತರೆ ಇನ್ನೂ ಉರಿಯುತ್ತೆ. ಓಡಿದರೆ ಗಾಳಿಯಾದರೂ ಆಡುತ್ತೆ."

ಓಡಿದೆವು. ನಾನು ಅಷ್ಟು ಜೋರಾಗಿ ಯಾವತ್ತೂ ಓಡಿಲ್ಲ. ಮೊಣಕಾಲು ಎಂಬುದೊಂದು ಇದೆ ಎನ್ನುವುದೇ ನೆನಪಾಗಲಿಲ್ಲ. ಇಬ್ಬರೂ ಒಟ್ಟಿಗೆ ಗೆರೆ ದಾಟಿ, ಯಾರೋ ಕೊಟ್ಟ ನೀರನ್ನು ಕುಡಿಯದೆ ಒಬ್ಬರ ಬೆನ್ನಿಗೆ ಇನ್ನೊಬ್ಬರು ಸುರಿದುಕೊಂಡೆವು.

ಅಲ್ಲೇ ಕಾಯುತ್ತಿದ್ದ ಅತ್ತೆಗೆ ಮಗಳು ನಡೆದದ್ದನ್ನು ಹೇಳಿದಳು. ಅವರು ನಮ್ಮಿಬ್ಬರನ್ನೂ ನೋಡಿದರು, ಹಿಂದೆ ಏದುಸಿರು ಬಿಡುತ್ತ ಇನ್ನೂ ಬರುತ್ತಿದ್ದವರನ್ನೂ ನೋಡಿದರು.

"ಹಂಗಾರ ಈ ಸಲ ಮೆಣಸಿನಕಾಯಿ ಸ್ವಲ್ಪ ಕಡಿಮಿನ ಆತು" ಎಂದರು. "ನಿಮಗಿಂತ ಮೊದಲ ಇನ್ನೂ ಭಾಳ ಮಂದಿ ಓಡಿ ಬಂದ್ರಲ್ಲ."