ಬಾಮೈದನ ಕಪ್ಪೆಮರ

ನನ್ನ ಬಾಮೈದನನ್ನು ಹುಚ್ಚ ಎಂದು ನಾನು ಎಂದೂ ಕರೆದವನಲ್ಲ. ಹುಚ್ಚರಿಗೆ ಅವಮಾನ ಆಗಬಾರದಲ್ಲ! ತುಮಕೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತ ಕಪ್ಪೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದ. ನಾನೋ, ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಗುಬ್ಬಿಯಲ್ಲಿ ಸ್ವಂತ ದುಡಿಮೆಯಿಂದ ಕಬ್ಬಿಣ ಕಡೆಯುವ ಲೇತ್ ಅಂಗಡಿ ಇಟ್ಟವನು.

ಎರಡು ಸಾವಿರದ ಆಸುಪಾಸು. ಭಾನುವಾರ ಬಂತೆಂದರೆ ನನ್ನ ಸ್ಕೂಟರ್ ಅವನನ್ನು ಕಡಬದ ಕೆರೆಗೆ ಹೊರಬೇಕು. ಹಿಡಿದ ಕಪ್ಪೆಯ ಕಾಲು ಅಳೆಯಲು ಅಂಗಡಿಯಲ್ಲಿ ಕೂದಲೆಳೆಯಷ್ಟನ್ನೂ ಅಳೆಯುವ ನನ್ನ ವರ್ನಿಯರ್ರೇ ಬೇಕು!

'ಅಳೆದು ಬಿಟ್ಬಿಡ್ತೀನಿ ಭಾವ.'

'ಕಪ್ಪೆನೋ, ವರ್ನಿಯರ್ರೋ?'

ಕಪ್ಪೆ ನೀರಿಗೆ ಹೋಯಿತು, ವರ್ನಿಯರ್ ಅವನ ಚೀಲಕ್ಕೆ ಹೋಯಿತು.

ಒಮ್ಮೆ ಗಿರಾಕಿಗಳ ಎದುರು ಊಟದ ಡಬ್ಬಿ ತೆರೆದರೆ ಕಪ್ಪೆ ನೆಗೆಯಿತು. ಅಷ್ಟರಲ್ಲಿ ಫೋನು: 'ಡಬ್ಬಿ ಅದಲುಬದಲಾಗಿದೆ ಭಾವ, ನಿಮ್ಮ ಮುದ್ದೆ ನನ್ನತ್ರ ಇದೆ!'

'ಅದನ್ನೂ ಅಳೆದ್ಯೇನ್ಲಾ?' ಎಂದು ಅರಚಿದೆ.

ಆಮೇಲೆ ಕಂಪ್ಯೂಟರ್ ಶುರುವಾಯಿತು. ಅದರಲ್ಲಿ ಕಪ್ಪೆಗಳ ವಂಶದ ಮರ, ತುದಿತುದಿಗೊಂದು ಜಾತಿ. ತೀರಾ ಹತ್ತಿರದ ನೆಂಟರು ಒಂದೇ ಕವಲಿನಿಂದ ಹೊರಡುತ್ತಾರಂತೆ. ಪಕ್ಕದಲ್ಲಿ ಕಾಲಳತೆಯ ಪಟ್ಟಿ. ಇಂಥ ಮರದಲ್ಲಿ ಇಂಥ ಕಾಲುಗಳು ಬರುವ ಸಂಭವ ಎಷ್ಟು ಎಂದು ಯಂತ್ರ ಲೆಕ್ಕ ಹಾಕಬೇಕು. ಆದರೆ ಮರದ ಒಂದು ಹೆಸರಿಗೆ ಅಳತೆ ಇಲ್ಲದಿದ್ದರೂ ಲೆಕ್ಕ ನಿಂತುಬಿಡುತ್ತದೆ.

'ಅಳತೆ ಸಿಗದ ಕಪ್ಪೆನ ಏನ್ಮಾಡ್ತೀಯ?'

'ಮರದಿಂದ ಕತ್ತರಿಸಿ ಹಾಕೋ ಹಾಗೆ ಪ್ರೋಗ್ರಾಮ್ ಬರ್ದಿದೀನಿ ಭಾವ.'

'ಅಂದಾಜಿನ ಮೇಲೆ ಒಂದು ಬರ್ಕೊಂಡು ಬುಡು, ಅತ್ಲಾಗೆ.'

'ಸುಳ್ಳು ಅಳತೆನಾ!' ಅವನಿಗೆ ಕಪ್ಪೆ ಸಾರು ಬಡಿಸಿದೆನೇನೋ ಎಂಬಂತೆ ನನ್ನನ್ನು ನೋಡಿದ.

ಇಂಥವನ ಕೈಗೆ ಕುಣಿಗಲ್ಲಿನ ನಮ್ಮ ಮಾವ ತಮ್ಮ ಎಂಬತ್ತರ ಸಮಾರಂಭಕ್ಕೆ ವಂಶವೃಕ್ಷ ಬರೆಯುವ ಕೆಲಸ ಕೊಟ್ಟರು. ಸಮಾರಂಭದ ದಿನ ಹಜಾರದ ಗೋಡೆಯಲ್ಲಿ ನೆಂಟರೆಲ್ಲ ತಮ್ಮ ತಮ್ಮ ಹೆಸರು ಹುಡುಕುತ್ತಿದ್ದಾರೆ. ನನ್ನ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ, ಇನ್ನೊಬ್ಬ ಅಳಿಯ ಇದ್ದಾನೆ. ನಾನಿಲ್ಲ!

'ಏನ್ಲಾ, ನಾನೆಲ್ಲಿ?'

'ಕಪ್ಪೆ ಪ್ರೋಗ್ರಾಮಿಗೇ ಹಾಕಿದ್ದೆ ಭಾವ. ನಿಮ್ಮ ಹುಟ್ಟಿದ ತಾರೀಖು, ಎತ್ತರ ಖಾಲಿ ಇತ್ತು. ಅದೇ ಕತ್ತರಿಸ್ಬಿಟ್ಟಿದೆ.'

'ಓದ್ದೇ ಇರೋ ಅಳಿಯ ಅಲ್ವಾ, ಕಂಪ್ಯೂಟರ್‌ಗೂ ಗೊತ್ತಾಗೋಯ್ತು!' ಎಂದು ಯಾರೋ ನಕ್ಕರು. ಆ ಮನೆಯಲ್ಲಿ ನನಗೆ ಯಾವತ್ತೂ ಪಂಕ್ತಿಯ ಕೊನೆಯ ಎಲೆಯೇ. ಈಗ ಎಲೆಯೂ ಇಲ್ಲ! ಹೈಸ್ಕೂಲಿನಿಂದ ಡಿಗ್ರಿವರೆಗೆ ನನ್ನ ಮನೆಯಲ್ಲಿ ಉಂಡು ಓದಿದವನು ಮಾಡುವ ಕೆಲಸವೇ ಇದು? ಊಟಕ್ಕೂ ಕೂರದೆ ಎದ್ದು ಬಂದೆ.

ಮಾರನೆಯ ಬೆಳಿಗ್ಗೆ ಬಾಮೈದ ಟೇಪು ಹಿಡಿದು ಅಂಗಡಿಗೆ ಬಂದ.

'ಗೋಡೆಗೆ ಒರಗಿ ನಿಂತ್ಕೊಳಿ ಭಾವ.'

'ನಾನೇನು ಕಪ್ಪೆಯೇನ್ಲಾ?'

'ಕಪ್ಪೆ ಇಷ್ಟು ಅರಚಲ್ಲ.'

ಬೈಯುತ್ತಲೇ ನಿಂತೆ. ಎತ್ತರ ಬರೆದುಕೊಂಡ. 'ಹುಟ್ಟಿದ ತಾರೀಖು?'

'ನಮ್ಮವ್ವಂಗೇ ಗೊತ್ತಿರ್ಲಿಲ್ಲ!'

'ಸರಿ, ಖಾಲಿನೇ ಇರ್ಲಿ. ಈ ಸಲ ಕೈಯಲ್ಲೇ ಬರೀತೀನಿ.'

ವಾರ ಬಿಟ್ಟು ಹೊಸ ಮರ ತಂದ. ನೋಡಿದರೆ ಹೆಂಡತಿಯ ಪಕ್ಕದಲ್ಲಿ ಮತ್ತೆ ನಾನಿಲ್ಲ! ಕೈಯೆತ್ತುವಷ್ಟು ರೇಗಿತು. ಅವನು ಮೆಲ್ಲಗೆ ಬೆರಳಿಟ್ಟು ತೋರಿಸಿದ. ಮಾವನ ಕೊಂಬೆಯ ಕೊನೆಯಲ್ಲಿ ಒಂದು ಕವಲು. ಒಂದು ತುದಿಗೆ ಅವನು, ಇನ್ನೊಂದು ತುದಿಗೆ ನಾನು.

'ಲೋ, ನನ್ನನ್ನ ನಿಮ್ಮಕ್ಕಂಗೆ ಅಣ್ಣ ಮಾಡ್ಬಿಟ್ಯಲ್ಲೋ! ಇದು ತಪ್ಪು ಕಣೋ!'

'ತಪ್ಪೇ ಭಾವ,' ಎಂದ ತಲೆ ತಗ್ಗಿಸಿ. 'ಆದ್ರೆ ಅಂದಾಜಿನ ಮೇಲೆ ಬರ್ದಿದ್ದಲ್ಲ.'

ಬೈಯಲು ಬಾಯಿ ತೆರೆದವನು ಹೋಗಿ ಲೇತ್ ಆನ್ ಮಾಡಿದೆ. ಆ ಸದ್ದಿನಲ್ಲಿ ಮೂಗು ಸೀಟಿಕೊಂಡರೆ ಯಾರಿಗೂ ಕೇಳುವುದಿಲ್ಲ.