ನಲ್ಲಿ ರಿಪೇರಿಯಲ್ಲಿದ್ದ ಬಾಡಿಗೆ ಮನೆ

ಕಾನೂನೆಂದರೆ ನನಗೆ ಅಪಾರ ಭಕ್ತಿ. ಸುತ್ತ ನರಪಿಳ್ಳೆ ಇಲ್ಲದಿದ್ದರೂ ಸ್ಟಾಪ್ ಸೈನ್ ಕಂಡರೆ ಕಾರು ನಿಲ್ಲಿಸಿ, ಮನಸ್ಸಿನಲ್ಲೇ ಮೂರು ಎಣಿಸಿ ಮುಂದೆ ಹೋಗುವ ಜಾತಿ ನನ್ನದು. ಹೀಗಿರುವಾಗ ಆಸ್ಟಿನ್‌ನಲ್ಲಿ ಲಾ ಓದುವ ಮಗಳು ರಜಕ್ಕೆ ಬಂದು, ಕಾನೂನು ಬರೆದ ಮಾತ್ರಕ್ಕೆ ಕರಿಯರಿಗೆ ಸಮಾನತೆ ಸಿಗುವುದಿಲ್ಲ, ಹಾಗಂತ ಒಂದು ಥಿಯರಿಯೇ ಇದೆ ಎಂದು ಇಂಗ್ಲಿಷಿನಲ್ಲಿ ಉಪದೇಶ ಮಾಡಿದರೆ ಮೈ ಉರಿಯದೆ ಇರುತ್ತದೆಯೇ? "ಕಾನೂನು ಇಲ್ದೇ ಹೋಗಿದ್ರೆ ನಮ್ಮನ್ನ ಈ ದೇಶದೊಳಗೆ ಯಾರಮ್ಮ ಬಿಡ್ತಿದ್ರು?" ಎಂದು ಗದರಿದೆ.

ನಾವು ದೊಡ್ಡ ಮನೆಗೆ ಶಿಫ್ಟ್ ಆದ ಮೇಲೆ ಫ್ಲವರ್ ಮೌಂಡ್ ಎಂಬ ಊರಿನ ಹಳೆಯ ಮನೆ ಬಾಡಿಗೆಗೆ ಖಾಲಿಯಿತ್ತು. ಜಾಹೀರಾತಿನಲ್ಲಿ 'ಎಲ್ಲ ಜನಾಂಗದವರಿಗೂ ಸಮಾನ ಅವಕಾಶ' ಎಂದು ನಾನೇ ಕೈಯಾರೆ ಬರೆದಿದ್ದೆ. ನೋಡಲು ಬಂದವರು ಮಿಸೆಸ್ ಕಾರ್ಟರ್, ಕಪ್ಪು ಜನಾಂಗದ ಸ್ಕೂಲ್ ಟೀಚರ್. ದೇವರ ಕೋಣೆಯ ಹೊಸ್ತಿಲಲ್ಲಿ ಹೇಳಿಸಿಕೊಳ್ಳದೆ ಚಪ್ಪಲಿ ಬಿಟ್ಟರು. ತಮ್ಮ ತಾಯಿಯ ಪ್ರಾರ್ಥನೆಗೆ ಇದು ಚೆನ್ನಾಗಿರುತ್ತದೆ, ಸ್ಕೂಲಿಗೂ ಹತ್ತಿರ ಎಂದರು. ನನ್ನ ಬಾಯಿಂದ ತಾನಾಗಿಯೇ ಹೊರಬಿತ್ತು: ಅಡುಗೆಮನೆಯ ನಲ್ಲಿ ರಿಪೇರಿಯಲ್ಲಿದೆ, ಮುಗಿದ ಮೇಲೆ ಫೋನ್ ಮಾಡುತ್ತೇನೆ.

ನಲ್ಲಿ ಗುಂಡುಕಲ್ಲಿನ ಹಾಗಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು, ಅವರ ಕಾರು ಮರೆಯಾದೊಡನೆ ಸ್ಪ್ಯಾನರ್ ಹಿಡಿದು ಆಡಿದ ಮಾತನ್ನು ನಿಜ ಮಾಡಲು ಹೊರಟೆ. ನೀರು ಮುಖಕ್ಕೇ ಚಿಮ್ಮಿತು. ಪ್ಲಂಬರನನ್ನು ಕರೆಸಿದ್ದಾಯಿತು. ಯಾಕೆ ಈ ಸುಳ್ಳು ಎಂದು ಹೆಂಡತಿ ಸುಧಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬಣ್ಣ ಅಲ್ಲ ಕಣೇ, ಮಾಂಸದ ಅಡುಗೆ. ಸತ್ಯನಾರಾಯಣ ಪೂಜೆ ಮಾಡಿದ ಮನೆ" ಎಂದೆ. "ಆಹಾ! ನಿಮ್ಮ ಆಫೀಸಿನ ಬಿಳಿ ಬಾಸ್ ಬಂದಿದ್ರೆ ಏನು ತಿಂತೀರಿ ಅಂತ ವಿಚಾರಿಸ್ತಿದ್ರಾ? ಹ್ಯೂಸ್ಟನ್‌ಗೆ ಬಂದ ಹೊಸದ್ರಲ್ಲಿ ನಮ್ಮ ಮುಖ ನೋಡಿ ಓನರ್ರು ಮನೆ ಖಾಲಿ ಇಲ್ಲ ಅಂದ್ರಲ್ಲ, ಅವತ್ತು ಎರಡು ಹೊತ್ತು ಊಟ ಬಿಟ್ಟಿದ್ರಿ!" ನಾಚಿಕೆಯಾಯಿತು. ನಿಜವಾಗಿಯೂ ಆಯಿತು.

ಮಿಸೆಸ್ ಕಾರ್ಟರ್‌ಗೆ ಫೋನ್ ಮಾಡಿ, ನಲ್ಲಿ ಸರಿಹೋಗಿದೆ, ಬನ್ನಿ ಎಂದೆ. ಬೇಡ, ತಾವು ನೋಡಲು ಹೋದ ಎಷ್ಟೋ ಮನೆಗಳಲ್ಲಿ ಏನಾದರೊಂದು ರಿಪೇರಿ ಇದ್ದೇ ಇರುತ್ತದೆ ಎಂದು ನಕ್ಕು ಫೋನಿಟ್ಟರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ ಮಗಳು, "ಅಪ್ಪಾ, ಶಿ ಕ್ಯಾನ್ ಸ್ಯೂ ಯೂ, ಕೋರ್ಟಿಗೆ ಎಳೀಬಹುದು, ಗೊತ್ತಾ?" ಎಂದಳು. ಕೋರ್ಟಿನ ಹೆಸರು ಬಂದೊಡನೆ ನನ್ನ ನಾಚಿಕೆ ಎಲ್ಲಿಗೆ ಓಡಿತೋ ಕಾಣೆ. ಒಳಗೆ ಹೋಗಿ ಪ್ಲಂಬರನ ಬಿಲ್ ತಂದು ಅವಳ ಮುಂದೆ ಹಿಡಿದೆ. "ನೋಡು, ನಲ್ಲಿ ಕೆಟ್ಟಿತ್ತು ಅನ್ನೋದಕ್ಕೆ ಸಾಕ್ಷಿ! ಯಾವ ಜಡ್ಜೂ ನನ್ನ ಏನೂ ಮಾಡಕ್ಕಾಗಲ್ಲ."

ಅವಳು ಅದನ್ನು ಎರಡು ಸಲ ಓದಿದಳು. ಜಗಳವಾಡಲಿಲ್ಲ. ಆ ಥಿಯರಿಯ ಕ್ಲಾಸಿನಲ್ಲಿ ತೋರಿಸಲು ಒಂದು ಜೆರಾಕ್ಸ್ ಬೇಕೆಂದಳು, ಅಷ್ಟೆ.